ಹಳೆಯ ಮ್ಯಾಕ್‌ನಲ್ಲಿ ಫಾಂಟ್ ಎಲ್ಲಿಡಬೇಕು? ಮೂವರ್, ಸೂಟ್‌ಕೇಸ್, ಜಗ್ಲರ್

1991ರಲ್ಲಿ ಸಿಸ್ಟಂ 7 (ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂನ ಏಳನೇ ಆವೃತ್ತಿ) ಬರುವ ಮೊದಲು ಮ್ಯಾಕಿಂಟಾಷ್‌ನ ಫಾಂಟ್‌ಗಳೆಲ್ಲ ‘ಸಿಸ್ಟಂ’ ಅನ್ನೋ ಒಂದೇ ಫೈಲಿನ ಹೊಟ್ಟೆಯಲ್ಲಿ ಇರುತ್ತಿದ್ದವು. ಡೆಸ್ಕ್ ಆಕ್ಸೆಸರಿಗಳ ಜಾಗವೂ ಅದೇ. ಡಿಎ ಅಂತ ಕರೆಯುತ್ತಿದ್ದುದು ಇವನ್ನೇ: ಕ್ಯಾಲ್ಕುಲೇಟರ್, ಅಲಾರಂ ಕ್ಲಾಕ್, ಸ್ಕ್ರ್ಯಾಪ್‌ಬುಕ್ ಥರ ಆಪಲ್ ಮೆನುವಿನಿಂದ ತೆರೆಯುವ ಪುಟ್ಟ ಪ್ರೋಗ್ರಾಂಗಳು. ಎರಡೂ ಒಂದೇ ಕಡೆ ಇದ್ದುದರಿಂದ ಎರಡನ್ನೂ ನೋಡಿಕೊಳ್ಳಲು ಒಂದೇ ಯುಟಿಲಿಟಿ. ಇಂಥ ಯುಟಿಲಿಟಿಗಳನ್ನು ಹೋಲಿಸುವಾಗ ಮೊದಲು ಇಷ್ಟು ಕೇಳಿ: ಇದು ಫಾಂಟನ್ನು ಸಿಸ್ಟಂ ಫೈಲಿಗೆ ತುಂಬುತ್ತದಾ, ಇಲ್ಲಾ ಇದ್ದಲ್ಲೇ ತೆರೆದಿಡುತ್ತದಾ?

ಆಪಲ್‌ನದೇ ಆದ ಫಾಂಟ್/ಡಿಎ ಮೂವರ್ ತುಂಬುವ ಜಾತಿ. ಕಿಟಕಿಯಲ್ಲಿ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ನಡುವೆ ಕಾಪಿ, ರಿಮೂವ್ ಬಟನ್‌ಗಳು. ‘ಜಿನೀವಾ 12’ (ಜಿನೀವಾ ಫಾಂಟಿನ 12ರ ಅಳತೆ) ಆರಿಸಿದರೆ ಅದು ಎಷ್ಟು ಬೈಟ್ ಅಂತಲೂ ತೋರಿಸುತ್ತದೆ. ಫ್ಲಾಪಿಯಿಂದಲೇ ಯಂತ್ರ ಶುರು ಮಾಡುತ್ತಿದ್ದವರಿಗೆ ಆ ಲೆಕ್ಕ ಬೇಕೇ ಬೇಕಿತ್ತು. ತೊಂದರೆ ಏನಂದ್ರೆ, ಸಿಸ್ಟಂ ಫೈಲಿಗೆ 15 ಡಿಎಗಿಂತ ಜಾಸ್ತಿ ಹಾಕಲು ಬರುವುದಿಲ್ಲ. ಫಾಂಟ್ ತುಂಬಿದಷ್ಟೂ ಫೈಲ್ ಊದುತ್ತದೆ.

ಸ್ಟೀವ್ ಬ್ರೆಚರ್ ಬರೆದ ಸೂಟ್‌ಕೇಸ್ ಮತ್ತು ಆಲ್‌ಸಾಫ್ಟ್ ಕಂಪನಿಯ ಫಾಂಟ್/ಡಿಎ ಜಗ್ಲರ್ ತೆರೆದಿಡುವ ಜಾತಿ. ಫಾಂಟ್ ಫೈಲ್ ಡಿಸ್ಕಿನಲ್ಲಿ ಎಲ್ಲೇ ಇರಲಿ, ಅದನ್ನು ತೆರೆದಿಟ್ಟು, ಸಿಸ್ಟಂ ಒಳಗೇ ಇದೆ ಅಂತ ಬೇರೆ ಪ್ರೋಗ್ರಾಂಗಳನ್ನು ನಂಬಿಸುತ್ತವೆ. 15ರ ಮಿತಿ ಹೋಯಿತು. ಕೆಲಸ ಮುಗಿದರೆ ಮುಚ್ಚಿದರಾಯಿತು. ಆದರೆ ಆ ಫಾಂಟ್ ಬಳಸುತ್ತಿರುವ ಡಾಕ್ಯುಮೆಂಟ್ ತೆರೆದಿರುವಾಗ ಮಾತ್ರ ಮುಚ್ಚಬೇಡಿ. ಮುಂದೆ ಇವೇ ಸೂಟ್‌ಕೇಸ್ 2, ಮಾಸ್ಟರ್‌ಜಗ್ಲರ್ ಆದವು. ಸೌಂಡ್‌ಗಳನ್ನೂ, ಎಫ್‌ಕೀಗಳನ್ನೂ (ಕೀಲಿ ಒತ್ತಿ ಓಡಿಸುವ ಪುಟ್ಟ ಪ್ರೋಗ್ರಾಂಗಳು) ನೋಡಿಕೊಳ್ಳತೊಡಗಿದವು. ಇವೆರಡರಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ, ಮೂಲ ಕೆಲಸ ಒಂದೇ.

ತಲೆ ಕೆಡಿಸಿಕೊಳ್ಳಬೇಕಾದದ್ದು ನಂಬರುಗಳ ಬಗ್ಗೆ. ಆಗಿನ ಎಷ್ಟೋ ಪ್ರೋಗ್ರಾಂಗಳು ಡಾಕ್ಯುಮೆಂಟಿನಲ್ಲಿ ಫಾಂಟಿನ ಹೆಸರನ್ನು ಬರೆದಿಡುತ್ತಿರಲಿಲ್ಲ, ನಂಬರ್ ಬರೆಯುತ್ತಿದ್ದವು. ಶಿಕಾಗೋ 0, ನ್ಯೂಯಾರ್ಕ್ 2, ಜಿನೀವಾ 3, ಮೊನಾಕೊ 4. ಈ ನಂಬರನ್ನು 128ರಿಂದ ಗುಣಿಸಿ ಅಳತೆ ಕೂಡಿಸಿದರೆ ರಿಸೋರ್ಸ್ ಐಡಿ, ಅಂದರೆ ಫೈಲಿನೊಳಗೆ ಆ ಫಾಂಟನ್ನು ಗುರುತಿಸುವ ಸಂಖ್ಯೆ, ಸಿಗುತ್ತದೆ. ಜಿನೀವಾ 12 ಅಂದರೆ 3×128+12, ಅಂದರೆ 396. ಈ ಐಡಿಗೂ ಒಂದು ಮಿತಿ ಇತ್ತು, ಹೀಗಾಗಿ ಫಾಂಟ್ ಕುಟುಂಬಗಳಿಗೆ ಇದ್ದದ್ದು 0ಯಿಂದ 255ರವರೆಗಿನ ನಂಬರುಗಳು ಮಾತ್ರ. ಫಾಂಟ್ ಮಾಡುವವರು ಜಾಸ್ತಿಯಾದಂತೆ ಒಂದೇ ನಂಬರ್ ಇಬ್ಬರಿಗೆ ಬೀಳದೆ ಇರುತ್ತದಾ? ಎನ್‌ಎಫ್‌ಎನ್‌ಟಿ ಅನ್ನೋ ಹೊಸ ಬಗೆಯ ಫಾಂಟ್ ರಿಸೋರ್ಸ್ ಬಂದ ಮೇಲೆ ನಂಬರಿನ ಬರ ನೀಗಿತು. ಹಳೆಯ ಫಾಂಟ್‌ಗಳ ಜಗಳ ಮಾತ್ರ ಉಳಿಯಿತು.

ಜಗಳ ಬಂದಾಗ ಮೂವರ್ ಹೊಸದಾಗಿ ಬಂದ ಫಾಂಟಿಗೆ ಸುಮ್ನೆ ಬೇರೆ ನಂಬರ್ ಕೊಟ್ಟುಬಿಡುತ್ತದೆ. ನಿಮ್ಮ ಯಂತ್ರದಲ್ಲಿ ಎಲ್ಲ ಸರಿ ಕಾಣುತ್ತದೆ. ಅದೇ ಡಾಕ್ಯುಮೆಂಟ್ ಪ್ರಿಂಟ್ ಮಾಡುವವರ ಮ್ಯಾಕ್‌ಗೆ ಹೋದರೆ ಅಕ್ಷರ ಬೇರೆಯೇ. ಸೂಟ್‌ಕೇಸ್ 2ರ ಜೊತೆ ಬರುವ ಫಾಂಟ್ ಹಾರ್ಮನಿ ಜಗಳ ಬಿಡಿಸುವುದೂ ನಂಬರ್ ಬದಲಿಸಿಯೇ. ಅದನ್ನು ಓಡಿಸಿದ ಮೇಲೆ ಬದಲಾದ ಫಾಂಟ್ ಫೈಲನ್ನೂ ಡಾಕ್ಯುಮೆಂಟಿನ ಜೊತೆ ಕಳಿಸಬೇಕು. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫೈಲ್ ತೆರೆದವರಿಗೆ ಈ ಗೋಳು ಹೊಸದೇನಲ್ಲ, ಅಲ್ವಾ?

ನನ್ನ ಪ್ರಕಾರ ಒಂದು ಮೆಗಾಬೈಟ್ ಮೆಮೊರಿಯ ಮ್ಯಾಕ್ ಪ್ಲಸ್, ನಾಲ್ಕೈದು ಫಾಂಟ್ ಇದ್ದರೆ ಮೂವರ್ ಸಾಕು, ಏಕೆಂದರೆ ತೆರೆದಿಟ್ಟ ಒಂದೊಂದು ಫೈಲೂ ಸ್ವಲ್ಪ ಮೆಮೊರಿ ತಿನ್ನುತ್ತದೆ. ಹಾರ್ಡ್ ಡಿಸ್ಕ್ ಇದ್ದು ಪುಟ ವಿನ್ಯಾಸ ಮಾಡುವವರಾದರೆ ಸೂಟ್‌ಕೇಸ್. ಟ್ರೂಟೈಪ್ (ಯಾವ ಅಳತೆಗೂ ಹಿಗ್ಗಿಸಬಹುದಾದ) ಫಾಂಟ್ ಹಾಕಬೇಕಿದ್ದರೆ ಮೂವರ್‌ನ 4.1 ಆವೃತ್ತಿ ಹುಡುಕಿ. ಈಗಿನ ಕಂಪ್ಯೂಟರಿನಲ್ಲೇ ಹಳೆಯ ಮ್ಯಾಕ್ ಓಡಿಸುವ ಮಿನಿ ವಿಮ್ಯಾಕ್ ಎಮ್ಯುಲೇಟರಿನಲ್ಲಿ ಸಿಸ್ಟಂ 6 ಹಾಕಿಕೊಂಡು ಇದನ್ನೆಲ್ಲ ಮಾಡಿ ನೋಡಬಹುದು. ಮೂವರ್ ತೆರೆಯುವ ಮುಂಚೆ ಸಿಸ್ಟಂ ಫೈಲಿನ ನಕಲು ಒಂದನ್ನು ಬೇರೆ ಡಿಸ್ಕಿಗೆ ಹಾಕಿಡಿ.