ಪೇಟೆಂಟ್ ಕಾನೂನಿನ ‘ನುರಿತವ’ ಯಾರು?

ಪ್ರಶ್ನೆ: ಅಡಿಕೆ ಸುಲಿಯುವ ಮೆಷಿನಿಗೆ ಹೊಸ ಏರ್ಪಾಡೊಂದನ್ನು ಮಾಡಿದ್ದೇನೆ. ದೊಡ್ಡ ವಿಜ್ಞಾನಿ ಯಾರಾದರೂ ನೋಡಿ ‘ಇದು ಸುಲಭ’ ಅಂದುಬಿಟ್ಟರೆ ಪೇಟೆಂಟ್ ಸಿಗುವುದಿಲ್ಲವಂತೆ, ಹೌದಾ? (ಬದಿಯಡ್ಕದ ಓದುಗರು)

ಅಲ್ಲ. ಪೆರ್ಲದಿಂದ ಮಂಜೇಶ್ವರದ ತನಕ ಎಷ್ಟು ಜನರಿಗೆ ಇದನ್ನೇ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ದಯವಿಟ್ಟು ಬರೆದಿಟ್ಟುಕೊಳ್ಳಿ.

1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಕೇಳುವುದು ಇಷ್ಟು: ನಿಮ್ಮ ಕೆಲಸ ಈಗ ಗೊತ್ತಿರುವುದಕ್ಕಿಂತ ತಾಂತ್ರಿಕವಾಗಿ ಮುಂದಿರಬೇಕು, ಇಲ್ಲವೇ ಅದಕ್ಕೆ ಆರ್ಥಿಕ ಮಹತ್ವ ಇರಬೇಕು, ಎರಡೂ ಇದ್ದರೂ ಸರಿ. ಜೊತೆಗೆ, ಆ ಕಸುಬಿನಲ್ಲಿ ನುರಿತವನಿಗೆ ಅದು ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು.

ಈ ನುರಿತವ ವಿಜ್ಞಾನಿಯಲ್ಲ. ನಿಮ್ಮ ನೆರೆಮನೆಯವರೂ ಅಲ್ಲ. ಅವನು ಕಾನೂನು ಕಲ್ಪಿಸಿಕೊಂಡ ಮನುಷ್ಯ. ಅರ್ಜಿಯ ದಿನದವರೆಗೆ ಆ ಕ್ಷೇತ್ರದಲ್ಲಿ ಪ್ರಕಟವಾದದ್ದೆಲ್ಲ ಅವನಿಗೆ ಗೊತ್ತು, ಜಪಾನಿನ ಹಳೆಯ ಪೇಟೆಂಟ್ ಕೂಡ. ಅಷ್ಟು ಓದಿದ್ದರೂ ಕೈ ಮಾತ್ರ ಒಬ್ಬ ಒಳ್ಳೆಯ ಕೆಲಸಗಾರನದು. ಹೊಸದನ್ನು ಕಂಡುಹಿಡಿಯುವ ಕಿಡಿ ಅವನಲ್ಲಿಲ್ಲ. ಹಾಗಂತ ದಡ್ಡನೂ ಅಲ್ಲ, ಇದ್ದದ್ದನ್ನು ಜೋಡಿಸಿ ನೋಡಬಲ್ಲ. ಎಲ್ಲರಿಗಿಂತ ಬುದ್ಧಿವಂತನನ್ನೇ ಅಳತೆಗೋಲು ಮಾಡಿದರೆ ಯಾರಿಗೂ ಪೇಟೆಂಟ್ ಸಿಗದು. ಅಂಥವನಿಗೆ ಎಲ್ಲವೂ ಸುಲಭವೇ ಅಲ್ವಾ?

1978ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಲೇತಿನಲ್ಲಿ ಪಾತ್ರೆ ಹಿಡಿದಿಡುವ ಸಾಧನದ ಪೇಟೆಂಟ್. ಹಿಂದಿನ ವಿವರಗಳನ್ನು ಸಮರ್ಥ ಕೆಲಸಗಾರನ ಕೈಗೆ ಕೊಡಿ, ನಿಮ್ಮ ಉತ್ತರ ಹೇಳಬೇಡಿ, ‘ನನಗೆ ಬೇಕಾದ್ದು ಇದರಲ್ಲೇ ಸಿಕ್ಕಿತು’ ಅನ್ನುತ್ತಾನಾ ನೋಡಿ. ಕೋರ್ಟ್ ಹಿಡಿದ ಅಳತೆ ಅದು. ಆ ಪೇಟೆಂಟ್ ನಿಲ್ಲಲಿಲ್ಲ.

ನಿಮ್ಮ ಮೆಷಿನಿಗೇ ಬನ್ನಿ. ಎರಡು ಬ್ಲೇಡಿನ ಜಾಗದಲ್ಲಿ ನಾಲ್ಕು ಹಾಕಿದರೆ, ಮೋಟಾರು ದೊಡ್ಡದು ಮಾಡಿದರೆ, ನುರಿತವನೂ ಅದನ್ನೇ ಮಾಡುತ್ತಿದ್ದ. ಆದರೆ ರಬ್ಬರು ಹಾಕಿದರೆ ಒಳಗಿನ ಅಡಿಕೆ ಸಿಗಿದುಹೋಗುತ್ತದೆ, ಬೇಡ ಎಂದು ಆವರೆಗಿನ ಬರಹಗಳೆಲ್ಲ ಹೇಳಿದ್ದವು, ನೀವು ರಬ್ಬರನ್ನೇ ಬೇರೆ ರೀತಿ ಕೂರಿಸಿ ಇಡೀ ಅಡಿಕೆ ತೆಗೆದಿರಿ ಅಂತಿಟ್ಟುಕೊಳ್ಳಿ. ಆಗ ನಿಮ್ಮ ಪಕ್ಷ ಗಟ್ಟಿ. ಮಾಡಿ ಮುಗಿಸಿದ ಮೇಲೆ ‘ಅಯ್ಯೋ ಇಷ್ಟೇನಾ’ ಅನ್ನುವವರ ಮಾತು ಲೆಕ್ಕಕ್ಕಿಲ್ಲ. ಉತ್ತರ ನೋಡಿದ ಮೇಲೆ ಎಲ್ಲ ಲೆಕ್ಕವೂ ಸುಲಭ.

ಕಸುಬು ಬದಲಾದರೆ ನುರಿತವನೂ ಬದಲಾಗುತ್ತಾನೆ. ಇಲ್ಲಿ ಅವನು ಮೆಷಿನು ಕಟ್ಟುವವನು, ಮೆಟ್ಟುಕತ್ತಿಯಲ್ಲಿ ಸುಲಿಯುವವನಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬದಲು ಹೊಸ ಔಷಧಿ ಅಂದರೆ ಅವನು ರೋಗ ಬಲ್ಲವನೂ ರಸಾಯನ ಬಲ್ಲವನೂ ಸೇರಿದ ಒಂದು ತಂಡ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅನ್ನುವ ಬೋರ್ಡೋ ಅಳತೆ ಅವರಿಗೆ ಬಾಯಿಪಾಠ, ಅದನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ತಂದರೆ ಸಾಲದು.

ನೀವು ಕೇಳದ ಮಾತೊಂದಿದೆ, ನನಗೆ ಇದರದ್ದೇ ಚಿಂತೆ ಜಾಸ್ತಿ. ಮೆಷಿನಿನ ವಿಡಿಯೊ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದೀರಾ? ಕೃಷಿಮೇಳದಲ್ಲಿ ತಿರುಗಿಸಿ ತೋರಿಸಿದ್ದೀರಾ? ಹಾಗೆ ಬಯಲಾದದ್ದು ಹೊಸದಾಗಿ ಉಳಿಯುವುದು ಕಷ್ಟ, ನುರಿತವನ ಮಾತು ಬರುವ ಮೊದಲೇ ಅರ್ಜಿ ಬೀಳಬಹುದು. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ರಿಯಾಯಿತಿ ಇದೆ, ಊರ ಮೇಳಕ್ಕೆ ಅದನ್ನು ನೆಚ್ಚಬೇಡಿ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನಮ್ಮ ಕಡೆಯ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ.