ಕಾಲುವೆಯ ಕಲ್ಲು, ತೋಟದ ನೀರು: ಹೆಸರಾಂತ ಬೋಧಕರು ಬಿದ್ದಾಗ

ಕೋಲಾರದ ನಮ್ಮ ಕ್ರೈಸ್ತ ಸಭೆಯಲ್ಲಿ ಪುಸ್ತಕದ ಬೀರು ಒರೆಸುವ ಸರದಿ ಹೋದ ತಿಂಗಳು ನನ್ನದಾಗಿತ್ತು. ಎರಡನೇ ಅರೆಯಲ್ಲಿ ರವಿ ಜಕರಾಯಸ್ ಅವರ ನಾಲ್ಕು ಪುಸ್ತಕಗಳು ಸಿಕ್ಕವು. ಒಂದರ ಒಳಹಾಳೆಯಲ್ಲಿ ಯಾರೋ ಪೆನ್ಸಿಲ್‌ನಿಂದ ‘ಇದನ್ನು ಓದಬಹುದೇ?’ ಎಂದು ಬರೆದಿದ್ದರು. ಕೆಳಗೆ ಬೇರೊಬ್ಬರ ಕೈಬರಹ: ‘ಅಯ್ಯನವರನ್ನು ಕೇಳಿ.’ ಕೇಳಿದೆ. ‘ನೀವೇ ಟಿಪ್ಪಣಿ ಮಾಡಿಕೊಂಡು ಬನ್ನಿ, ಭಾನುವಾರ ಕೂತು ಮಾತನಾಡೋಣ’ ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಅದನ್ನು ನನ್ನ ತಲೆಗೇ ಕಟ್ಟಿದರು.

ಸಂಗತಿ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ರವಿ 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಕ್ರೈಸ್ತ ನಂಬಿಕೆಯನ್ನು ತರ್ಕದಿಂದ ಸಮರ್ಥಿಸುತ್ತಾ ದೇಶದೇಶಗಳಲ್ಲಿ ಹೆಸರಾದವರು. ಬದುಕಿದ್ದಾಗಲೇ ದೂರು ಬಂದಿತ್ತು, ಅವರ ಸಂಸ್ಥೆ ಅವರ ಬೆನ್ನಿಗೆ ನಿಂತಿತ್ತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಸಂಸ್ಥೆಯೇ ನೇಮಿಸಿದ ವಕೀಲರ ವರದಿ 2021ರ ಫೆಬ್ರವರಿಯಲ್ಲಿ ಹೊರಬಂದಾಗ, ಮಸಾಜ್ ಕೆಲಸದ ಹೆಣ್ಣುಮಕ್ಕಳೊಂದಿಗೆ ಅವರು ವರ್ಷಗಟ್ಟಲೆ ನಡೆಸಿದ ಲೈಂಗಿಕ ದುರ್ವರ್ತನೆ ಬಯಲಾಯಿತು. ಅವರ ಪಂಗಡವು ಮರಣಾನಂತರವೂ ಬೋಧಕ ಪರವಾನಗಿಯನ್ನು ರದ್ದು ಮಾಡಿತು. ಪ್ರಕಾಶಕರು ಪುಸ್ತಕಗಳನ್ನು ಹಿಂತೆಗೆದರು. ನಮ್ಮ ಬೀರುವಿಗೆ ಮಾತ್ರ ಯಾರೂ ಹೇಳಿಕಳಿಸಿರಲಿಲ್ಲ.

ಭಾನುವಾರ ಕೂತ ಗುಂಪಿನಲ್ಲಿ ಮೊದಲು ಎದ್ದ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ. ದಾದಿಯಾಗಿ ನಿವೃತ್ತರಾದ ಅಕ್ಕ ಒಬ್ಬರು ಕೇಳಿದರು: ‘ಆ ಮನುಷ್ಯನ ಮಾತು ಕೇಳಿಯೇ ನನ್ನ ಮಗ ಮತ್ತೆ ಆಲಯಕ್ಕೆ ಬಂದ. ಅದೂ ಸುಳ್ಳೇ?’

ಈ ಪ್ರಶ್ನೆಗೆ ಸಾವಿರದ ಏಳುನೂರು ವರ್ಷ ವಯಸ್ಸಾಗಿದೆ. ಕ್ರಿ.ಶ. 303ರಲ್ಲಿ ಶುರುವಾದ ಡಯೊಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಉತ್ತರ ಆಫ್ರಿಕದ ಕೆಲವು ಸಭಾನಾಯಕರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದ್ದರು. ಅಂಥವರ ಕೈಯ ದೀಕ್ಷಾಸ್ನಾನವೂ ಬೋಧಕ ಪದವಿಯ ಅಭಿಷೇಕವೂ ಸಲ್ಲವು ಎಂದು ಹಟ ಹಿಡಿದವರು ಡೊನಾಟಿಸ್ಟರು. 314ರಲ್ಲಿ ಆರ್ಲ್ಸ್ ಪಟ್ಟಣದಲ್ಲಿ ಸೇರಿದ ಪರಿಷತ್ತು ಅವರ ವಿರುದ್ಧ ತೀರ್ಪು ಕೊಟ್ಟಿತು, ಜಗಳ ಮುಗಿಯಲಿಲ್ಲ. ಮುಂದೆ ಅಲ್ಲಿನ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರ ರೈತರಿಗೆ ಬೇಗ ಹಿಡಿಸುವಂಥದ್ದು: ಕಲ್ಲಿನ ಕಾಲುವೆಯಲ್ಲಿ ನೀರು ಹರಿದರೆ ಕಲ್ಲಿನ ಮೇಲೆ ಏನೂ ಬೆಳೆಯುವುದಿಲ್ಲ, ಆದರೆ ತೋಟ ಫಲ ಕೊಡುತ್ತದೆ. ನೀರು ಕ್ರಿಸ್ತನದು, ಬೋಧಕ ಬರಿಯ ಕಾಲುವೆ. ಅಕ್ಕನ ಮಗನ ನಂಬಿಕೆ ಸುಳ್ಳಲ್ಲ.

ಇಷ್ಟು ಹೇಳಿ ನಾನು ಗೆದ್ದವನಂತೆ ಕೂತೆ. ಟೊಮೆಟೊ ಬೆಳೆಯುವ ಅಣ್ಣ ಒಬ್ಬರು ಬಿಡಲಿಲ್ಲ. ‘ಕಲ್ಲಾದರೆ ಸರಿ. ಕೊಳಚೆಯಾದರೆ?’ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ನಮ್ಮ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ ಅವರ ಮನಸ್ಸಿನಲ್ಲಿತ್ತು. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ‘ಬತ್ತಿದ ಕೊಳವೆಬಾವಿಗೆ ನೀರು ಬಂತು, ಇಲ್ಲವೆನ್ನುವುದಿಲ್ಲ. ಹಾಗೆಂದು ಮೂರನೇ ಹಂತದ ಶುದ್ಧೀಕರಣ ಕೇಳುವುದನ್ನು ಬಿಟ್ಟಿದ್ದೇವೆಯೇ?’ ಎಂದರು. ಅಗಸ್ಟೀನರಿಗೆ ಹೊಳೆಯದ ಮಾತಲ್ಲ ಇದು. ಅವರ ಉಪಮೆಯನ್ನು ಮಾತ್ರ ನೆನಪಿಟ್ಟುಕೊಂಡ ನಮ್ಮಂಥವರಿಗೆ ಬೇಕಾದ ಮಾತು. ಬೆಳೆ ಬಂತೆಂದು ಕಾಲುವೆಯನ್ನು ಪರೀಕ್ಷಿಸದೆ ಬಿಡಲಾಗದು.

ಇಂಥ ಸುದ್ದಿ ಬಂದ ಕೂಡಲೇ ನಮ್ಮವರ ಬಾಯಿಗೆ ಬರುವ ಹೆಸರು ದಾವೀದ, ಪರರ ಹೆಂಡತಿಯನ್ನು ಕೂಡಿ ಅವಳ ಗಂಡನನ್ನು ಕೊಲ್ಲಿಸಿದ ಬೈಬಲಿನ ರಾಜ. ‘ದಾವೀದನೂ ಬೀಳಲಿಲ್ಲವೇ? ದೇವರು ಕ್ಷಮಿಸಲಿಲ್ಲವೇ?’ ಕ್ಷಮಿಸಿದನು, ನಿಜ. ಆದರೆ ಬೈಬಲಿನ ಎರಡನೇ ಸಮುವೇಲನು ಪುಸ್ತಕದ ಹನ್ನೆರಡನೇ ಅಧ್ಯಾಯವನ್ನು ಮೆಲ್ಲನೆ ಓದಿ. ಪ್ರವಾದಿ ನಾತಾನನು ಹೇಳುವ ಕಥೆಯಲ್ಲಿ ಕಾಮದ ಸೊಲ್ಲೇ ಇಲ್ಲ. ಐಶ್ವರ್ಯವಂತನೊಬ್ಬ, ಬಡವನೊಬ್ಬ, ಬಡವನ ಮಡಿಲಲ್ಲಿ ಮಲಗುತ್ತಿದ್ದ ಒಂದು ಕುರಿಮರಿ. ಹಿಂಡು ಹಿಂಡೇ ಇದ್ದವನು ಆ ಒಂದನ್ನು ಕಿತ್ತುಕೊಂಡ. ಅಲ್ಲಿ ಪಾಪದ ಹೆಸರು ‘ಎಡವಿದ್ದು’ ಅಲ್ಲ, ‘ಕಿತ್ತುಕೊಂಡದ್ದು’. ನಾವು ಮಾತ್ರ ಬೋಧಕ ಶೋಧನೆಗೆ, ಅಂದರೆ ಪ್ರಲೋಭನೆಗೆ, ಬಿದ್ದ ಎನ್ನುತ್ತೇವೆ, ‘ಅಯ್ಯೋ ಪಾಪ’ ಎಂದು ಅವನಿಗೇ ಮರುಗುತ್ತೇವೆ; ಕುರಿಮರಿಯ ಸುದ್ದಿ ಎತ್ತುವುದಿಲ್ಲ.

ಅಮೆರಿಕದ ಟೆಲಿವಿಷನ್ ಬೋಧಕ ಜಿಮ್ಮಿ ಸ್ವಾಗರ್ಟ್ 1988ರ ಫೆಬ್ರವರಿ 21ರಂದು ಕ್ಯಾಮೆರಾ ಮುಂದೆ ಕಣ್ಣೀರು ಹರಿಸಿ ಪಾಪ ಒಪ್ಪಿಕೊಂಡರು. ಒಂದು ವರ್ಷ ಬೋಧಿಸಬೇಡಿ ಎಂದು ಅವರ ಪಂಗಡ ಹೇಳಿತು. ಒಪ್ಪಲಿಲ್ಲ, ಪಂಗಡ ಹೊರಹಾಕಿತು, ಮೇ ತಿಂಗಳಿಗೆಲ್ಲ ಮತ್ತೆ ವೇದಿಕೆ ಹತ್ತಿದರು. 1991ರಲ್ಲಿ ಮತ್ತೆ ಅಂಥದ್ದೇ ಪ್ರಕರಣ. ಕಣ್ಣೀರು ನಾಟಕವೆಂದು ನಾನು ಹೇಳಲಾರೆ. ಆದರೆ ಕ್ಷಮೆ ಬೇರೆ, ಮೈಕು ಬೇರೆ. ಕ್ಷಮೆ ಕೇಳಿದವನಿಗೆ ಸಿಗಬೇಕು. ಮೈಕು ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಂಡವನಿಗೆ ಎಂದು ಬೈಬಲಿನ ಒಂದನೇ ತಿಮೊಥೆಯ ಪತ್ರಿಕೆಯ ಮೂರನೇ ಅಧ್ಯಾಯ ಹೇಳುತ್ತದೆ. ದಾವೀದ ಸಿಂಹಾಸನದಲ್ಲಿ ಉಳಿದನಲ್ಲ ಎಂದು ವಾದಿಸುವವರಿದ್ದಾರೆ. ಉಳಿದನು, ಆದರೆ ಕತ್ತಿಯೂ ಅವನ ಮನೆಯಲ್ಲಿ ಉಳಿಯಿತು. ಅವನ ಮೇಲೇ ದಂಗೆ ಎದ್ದ ಮಗ ಅಬ್ಷಾಲೋಮನ ಕಥೆಯನ್ನೂ ಜೊತೆಗೇ ಓದಲಿ.

ಇಲ್ಲಿ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ, ಗಮನಿಸಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ‘ಅವನೊಬ್ಬನನ್ನೇ ಕಂಡು ತಿಳಿಸು’ ಎಂಬರ್ಥದ ಸೂಚನೆ ಇದೆ. ಅದನ್ನು ಹಿಡಿದು, ದೂರು ಕೊಟ್ಟವಳ ಬಾಯಿ ಮುಚ್ಚಿಸುವುದುಂಟು. ಅದು ಸಹೋದರರ ನಡುವಿನ ತಪ್ಪಿಗೆ ಹೇಳಿದ್ದು. ನಾಯಕರ ವಿಷಯಕ್ಕೆ ಒಂದನೇ ತಿಮೊಥೆಯ 5:19-20 ಇದೆ: ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ದೂರು ಒಪ್ಪಬೇಡ, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು. ವಾಕ್ಯದ ಮೊದಲರ್ಧ ಗಾಳಿಸುದ್ದಿಗೆ ಕಡಿವಾಣ, ಎರಡನೆಯದು ಮುಚ್ಚಿಡುವುದಕ್ಕೆ. ಅಂತಿಯೋಕ್ಯದಲ್ಲಿ ಅಪೊಸ್ತಲ ಪೌಲನು ಹಿರಿಯ ನಾಯಕನಾದ ಪೇತ್ರನನ್ನು ಎಲ್ಲರ ಎದುರಿನಲ್ಲೇ ಪ್ರಶ್ನಿಸಿದನು (ಗಲಾತ್ಯ 2).

ಹೆಸರು ದೊಡ್ಡದಾದರೆ ಇದು ನಡೆಯುತ್ತದೆಯೇ? ಒಮ್ಮೆ ನಡೆದಿದೆ. 390ರಲ್ಲಿ ಥೆಸಲೊನೀಕದಲ್ಲಿ ನಡೆದ ಜನಸಂಹಾರಕ್ಕಾಗಿ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಮಿಲಾನಿನ ಬಿಷಪ್ ಆಂಬ್ರೋಸ್ ಕರ್ತನ ಭೋಜನವನ್ನು ಕೊಡಲೊಪ್ಪಲಿಲ್ಲ. ಚಕ್ರವರ್ತಿ ರಾಜಚಿಹ್ನೆ ಕಳಚಿ ಆಲಯದಲ್ಲಿ ಜನರೆದುರು ಅತ್ತನು. ಆಮೇಲಷ್ಟೇ ಪಂಕ್ತಿಗೆ ಸೇರಿಸಿಕೊಂಡರು.

ಬೀರುವಿನ ವಿಷಯ. ಸುಡೋಣ ಎಂದವರು ಒಬ್ಬರು, ಇದ್ದಲ್ಲೇ ಇರಲಿ ಎಂದವರು ಮೂವರು. ಅಕ್ಕ ಮಾತ್ರ ಬೇರೆ ಮಾತಾಡಿದರು: ‘ಆ ಹುಡುಗಿಯರಲ್ಲಿ ಒಬ್ಬಳು ನಮ್ಮ ಆಲಯಕ್ಕೆ ಬಂದು ಈ ಬೀರುವಿನ ಮುಂದೆ ನಿಂತರೆ?’ ಯಾರೂ ಉತ್ತರ ಕೊಡಲಿಲ್ಲ. ನಾನು ನಾಲ್ಕನ್ನೂ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಅಯ್ಯನವರ ಕೋಣೆಗೆ ಒಯ್ದೆ. ಎರಡನೇ ಅರೆಯಲ್ಲಿ ಈಗ ಒಂದು ಗೇಣು ಜಾಗ ಖಾಲಿ ಇದೆ.