ಶೇಕಡಾ 99 ಹೋಲಿಕೆ ಬಂತು, ಯಾವುದರ ಜೊತೆ?

ಮಳೆಗಾಲ ಮುಗಿಯುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜನ ತೋಟದ ಅಡಿಕೆ ಸೋಗೆಯ ತುಂಡುಗಳನ್ನು ಲ್ಯಾಬಿಗೆ ತಂದಳು. ಗರಿಗಳು ತುದಿಯಿಂದ ಹಳದಿಯಾಗಿದ್ದವು. ಅಜ್ಜ ಕೇಳಿದ್ದು ಒಂದೇ ಮಾತು: "ಇದು ಹಳದಿ ರೋಗವೇ ಹೌದಾ? ಮರ ಕಡಿಯುವುದಾ, ಬಿಡುವುದಾ?"

ಕೆಲವು ದಿನ ಕಳೆದು ಅವಳು ಖುಷಿಯಲ್ಲಿ ಬಂದಳು. "ಮೇಡಂ, 99 ಪರ್ಸೆಂಟ್ ಮ್ಯಾಚ್ ಬಂತು!"

"ಯಾವುದರ ಜೊತೆ?" ಅಂದೆ. ಅದನ್ನು ಅವಳು ನೋಡಿರಲಿಲ್ಲ.

ಹಳದಿ ರೋಗದ ಹಿಂದೆ ಇರುವುದು ಫೈಟೋಪ್ಲಾಸ್ಮಾ. ಕೋಶಗೋಡೆ ಇಲ್ಲದ ಬಹಳ ಸಣ್ಣ ಬ್ಯಾಕ್ಟೀರಿಯಾ ಇದು. ಗಿಡದ ಆಹಾರ ಹರಿಯುವ ನಾಳಗಳಲ್ಲಿ ಇರುತ್ತದೆ. ರಸ ಹೀರುವ ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಇಂಥ ಜೀವಿ ಇದೆ ಎಂದು ಮೊದಲು ಗೊತ್ತಾದದ್ದು 1967ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಇದನ್ನು ಲ್ಯಾಬಿನ ತಟ್ಟೆಯಲ್ಲಿ ಸುಲಭವಾಗಿ ಬೆಳೆಸಲು ಆಗುವುದಿಲ್ಲ. ಹಾಗಾಗಿ ನಾವು ಹುಡುಕುವುದು ಅದರ ಡಿಎನ್‌ಎಯನ್ನು.

ಎಲ್ಲ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಎಂಬ ಒಂದು ಜೀನ್ ಇದೆ. ಉದ್ದ ಸುಮಾರು 1500 ಅಕ್ಷರ. ಅದರ ಕೆಲವು ಭಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಉಳಿದ ಭಾಗ ಒಂದೊಂದರಲ್ಲಿ ಒಂದೊಂದು ಥರ. ಆ ಜೀನಿಗೆ ಅಂಟುವ ಪ್ರೈಮರ್ ಎಂಬ ಡಿಎನ್‌ಎಯ ಪುಟ್ಟ ಎಳೆ ಹಾಕಿ, ಡಿಎನ್‌ಎಯ ಪ್ರತಿ ತೆಗೆಯುವ ಪಿಸಿಆರ್ ಯಂತ್ರದಲ್ಲಿ ಇಟ್ಟರೆ ಪ್ರತಿ ಸುತ್ತಿಗೂ ಪ್ರತಿಗಳು ದುಪ್ಪಟ್ಟಾಗುತ್ತವೆ. ಲೆಕ್ಕದ ಪ್ರಕಾರ 30 ಸುತ್ತಿನಲ್ಲಿ ಒಂದು ತುಂಡು 100 ಕೋಟಿ ದಾಟುತ್ತದೆ. ಆಮೇಲೆ ಅದರ ಎ, ಟಿ, ಜಿ, ಸಿ ಅಕ್ಷರಗಳನ್ನು ಓದಿಸಿ, ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ದಾಖಲೆಮನೆಯಲ್ಲಿ ಹುಡುಕುತ್ತೇವೆ.

ಜೆನ್‌ಬ್ಯಾಂಕ್ ಶುರುವಾದದ್ದು 1982ರಲ್ಲಿ. ಅಮೆರಿಕದ ಈ ದಾಖಲೆಮನೆಯೂ ಯುರೋಪು, ಜಪಾನಿನವೂ ದಿನಾ ಮಾಹಿತಿ ಹಂಚಿಕೊಳ್ಳುತ್ತವೆ. ಎಲ್ಲಿ ಕೊಟ್ಟರೂ ಎಲ್ಲ ಕಡೆ ಸಿಗುತ್ತದೆ, ದುಡ್ಡು ಬೇಡ. ಕಾಸರಗೋಡಿನಲ್ಲಿ ಕೂತ ಹುಡುಗಿಗೂ ಟೋಕಿಯೋದ ಪ್ರೊಫೆಸರಿಗೂ ಒಂದೇ ಕಪಾಟು. ನನಗೆ ಇದು ಈಗಲೂ ದೊಡ್ಡ ಸಂಗತಿಯೇ. ಹುಡುಕಿ ಕೊಡುವ ಬ್ಲಾಸ್ಟ್ ಎಂಬ ಸಾಧನ ಬಂದದ್ದು 1990ರಲ್ಲಿ.

ಅವಳ ಪರದೆಯಲ್ಲಿ ಮೊದಲ ಸಾಲಿನ ಹೆಸರು ಓದಿದೆವು. ತಾಳೆ ಜಾತಿಯ ಮರವೊಂದರ ಕ್ಲೋರೋಪ್ಲಾಸ್ಟ್. ಎಲೆಯ ಹಸಿರು ಇರುವುದು ಅದರಲ್ಲೇ ಅಲ್ವಾ? 100 ಕೋಟಿ ವರ್ಷಕ್ಕೂ ಹಿಂದೆ ಕ್ಲೋರೋಪ್ಲಾಸ್ಟಿನ ಪೂರ್ವಜ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾ. ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ಉಳಿಯಿತು. ತನ್ನದೇ ಡಿಎನ್‌ಎ, ತನ್ನದೇ 16ಎಸ್ ಜೀನ್ ಇಂದಿಗೂ ಅದರ ಹತ್ತಿರ ಇದೆ. ಎಲೆಯಲ್ಲಿ ಅದರ ಪ್ರತಿಗಳು ರಾಶಿ ರಾಶಿ, ಫೈಟೋಪ್ಲಾಸ್ಮಾ ಇದ್ದರೂ ಬೆರಳೆಣಿಕೆ. ಪ್ರೈಮರ್ ಹೋಗಿ ಅದಕ್ಕೇ ಅಂಟಿತ್ತು. ಅವಳು ಓದಿಸಿಕೊಂಡು ಬಂದದ್ದು ಅಡಿಕೆ ಮರದ್ದೇ ಅಕ್ಷರ.

ಹಾಗಂತ ಮರಕ್ಕೆ ರೋಗ ಇಲ್ಲ ಎಂದೂ ಹೇಳುವಂತಿಲ್ಲ. ಅಡಿಕೆ, ತೆಂಗಿನಲ್ಲಿ ಫೈಟೋಪ್ಲಾಸ್ಮಾ ಎಲ್ಲ ಭಾಗದಲ್ಲೂ ಒಂದೇ ಸಮ ಇರುವುದಿಲ್ಲ. ಒಂದು ತುಂಡಿನಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು. ಸುಳಿಯ ಎಳೆ ಭಾಗದಿಂದ ಹೊಸದಾಗಿ ತೆಗೆದು, ಎರಡು ಹಂತದ ಪಿಸಿಆರ್ ಮಾಡು ಅಂದೆ. ಹೋಲಿಕೆ ಎಷ್ಟು ಉದ್ದಕ್ಕೆ ಬಂದಿದೆ ಎಂಬುದನ್ನೂ ನೋಡು ಅಂದೆ. 1200 ಅಕ್ಷರ ಹಾಕಿ ಬರೀ 100ಕ್ಕೆ ಹೊಂದಿಕೆಯಾದರೆ ಆ 99ಕ್ಕೆ ಜಾಸ್ತಿ ಬೆಲೆ ಇಲ್ಲ.

ಇನ್ನೊಂದು ಮಾತು ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಯಾವುದೋ ಕಚೇರಿಯಲ್ಲಿ ನನ್ನ ತಂದೆಯ ಹೆಸರನ್ನು ಕನ್ನಡದಿಂದ ಮಲಯಾಳಕ್ಕೆ ಬರೆಯುವಾಗ ಒಂದಕ್ಷರ ತಪ್ಪಿತು. ರೇಷನ್ ಕಾರ್ಡಿನಿಂದ ಅದು ಎಲ್ಲ ಕಾಗದಕ್ಕೂ ಹೋಯಿತು. ಈಗ ಹತ್ತು ಕಾಗದ ತೋರಿಸಿದರೂ ಹತ್ತರಲ್ಲೂ ಅದೇ ತಪ್ಪು. ಜೆನ್‌ಬ್ಯಾಂಕಿನಲ್ಲೂ ಹೀಗಾಗುತ್ತದೆ. ಯಾರೋ ಒಬ್ಬರು ತಪ್ಪು ಹೆಸರು ಕೊಟ್ಟು ಸೇರಿಸಿದರೆ, ಮುಂದಿನವರು ಅದನ್ನು ನೋಡಿ ತಮ್ಮದಕ್ಕೂ ಅದೇ ಹೆಸರು ಇಡುತ್ತಾರೆ. ಕೊಟ್ಟವರೇ ತಿದ್ದದೆ ಸಾಮಾನ್ಯವಾಗಿ ಬೇರೆಯವರು ಆ ದಾಖಲೆ ತಿದ್ದುವಂತಿಲ್ಲ. ಆದ್ದರಿಂದ ಮೊದಲ ಸಾಲು ನೋಡಿ ನಿಲ್ಲಬೇಡಿ. ಬೇರೆ ಬೇರೆ ಲ್ಯಾಬುಗಳ ದಾಖಲೆಗಳು ಒಂದೇ ಮಾತು ಹೇಳುತ್ತವೆಯೇ ನೋಡಿ.

ಎರಡನೇ ಸಲ ಅವಳು ನಾಲ್ಕು ಮರಗಳ ಸುಳಿ ತಂದಳು. ಒಂದರಲ್ಲಿ ಫೈಟೋಪ್ಲಾಸ್ಮಾ ಸಿಕ್ಕಿತು. ಮೊದಲು ತಂದ ಮರದಲ್ಲಿ ಈ ಸಲವೂ ಇಲ್ಲ. ಅದರ ಬುಡದಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದಂತೆ. ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ಸದ್ಯ ಅದನ್ನು ಕಡಿಯುವುದು ಬೇಡ, ಕಣಿ ಬಿಡಿಸಿ ನೋಡಿ ಎಂದು ಅಜ್ಜನಿಗೆ ಹೇಳಿ ಕಳಿಸಿದೆ.

ಆ ಒಂದು ಮರದ ಅಕ್ಷರಗಳನ್ನು ಜೆನ್‌ಬ್ಯಾಂಕಿಗೆ ಕೊಡುವ ದಿನ ಅವಳು ಒಂದೊಂದು ಖಾನೆಯನ್ನೂ ಎರಡೆರಡು ಸಲ ಓದಿದಳು. ಯಾವ ಗಿಡ, ಯಾವ ಭಾಗ, ಯಾವ ದಿನ. ಊರಿನ ಖಾನೆಯಲ್ಲಿ ಸುಮ್ನೆ ಭಾರತ ಎಂದು ಬಿಡದೆ ಕೇರಳ, ಕಾಸರಗೋಡು, ಬದಿಯಡ್ಕ ಎಂದು ಪೂರ್ತಿ ತುಂಬಿದಳು.